ಮೆಣಸಿನಕಾಯಿಯ ಬಣ್ಣವನ್ನು ಬೆಳಕಿನಿಂದ ಅಳೆಯುವ ಕ್ರಮ

ಹಾವೇರಿ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆಗೆ ಬರುವ ಒಣಮೆಣಸಿನಕಾಯಿಯು ಖಾರಕ್ಕಿಂತಲೂ ಹೆಚ್ಚಾಗಿ ಬಣ್ಣಕ್ಕಾಗಿ ಬೆಲೆಬಾಳುವ ಪದಾರ್ಥವೆಂಬುದು ಆ ಸೀಮೆಯ ಬೆಳೆಗಾರರೆಲ್ಲರೂ ಬಲ್ಲ ಸಂಗತಿಯೇ ಆಗಿದೆ. ಕಡ್ಡಿ ಎಂದೂ ಡಬ್ಬಿ ಎಂದೂ ಕರೆಯಲ್ಪಡುವ ಎರಡು ಬಗೆಯ ಕಾಯಿಗಳಿಗೂ ಈ ಗುಣವುಂಟು. ೨೦೧೧ರಲ್ಲಿ ಈ ಕಾಯಿಗೆ ಭೌಗೋಳಿಕ ಗುರುತು ದೊರೆತು, ಬ್ಯಾಡಗಿಯ ಹೆಸರಿಗೆ ಕಾನೂನಿನ ರಕ್ಷಣೆಯೂ ಉಂಟಾಯಿತು. ಆದರೆ ಹೆಸರು ಒಂದೇ ಆದರೂ ಎರಡು ಚೀಲಗಳ ಬಣ್ಣವು ಒಂದೇ ಸಮನಾಗಿರುವುದಿಲ್ಲ. ಒಬ್ಬನ ರಾಶಿಗೆ ಒಂದು ದರವೂ ಪಕ್ಕದವನ ರಾಶಿಗೆ ಬೇರೊಂದು ದರವೂ ಬರೆಯಲ್ಪಟ್ಟಾಗ, ಕಣ್ಣಿಗೆ ಎರಡೂ ಒಂದೇ ಕೆಂಪಾಗಿ ಕಾಣುತ್ತಿದ್ದಲ್ಲಿ, ಬೆಳೆಗಾರನ ಮನಸ್ಸಿನಲ್ಲಿ ಸಂದೇಹವು ಹುಟ್ಟುವುದು ಸಹಜವೇ ಸರಿ. ೨೦೨೪ನೆಯ ಮಾರ್ಚಿ ತಿಂಗಳಿನಲ್ಲಿ ಇದೇ ಮಾರುಕಟ್ಟೆಯಲ್ಲಿ ಬೆಲೆಯು ಹಠಾತ್ತಾಗಿ ಇಳಿಯಿತೆಂದು ಕೋಪಗೊಂಡ ಜನರು ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟ ಪ್ರಸಂಗವು ನಡೆಯಿತು. ಬೆಲೆ ಇಳಿಯುವುದಕ್ಕೆ ಕಾರಣಗಳು ಅನೇಕವಿರುತ್ತವೆ. ಅವೆಲ್ಲವನ್ನೂ ಇಲ್ಲಿ ವಿಚಾರಿಸುವಂತಿಲ್ಲ. ಅವುಗಳೊಳಗೆ ಒಂದನ್ನು, ಅಂದರೆ ಕಾಯಿಯ ಬಣ್ಣವೆಷ್ಟೆಂಬುದನ್ನು, ಯಾರ ಕಣ್ಣನ್ನೂ ಯಾರ ಮಾತನ್ನೂ ನೆಚ್ಚದೆ ಅಂಕಿಯಲ್ಲಿ ಹೇಳುವ ಉಪಾಯವೊಂದುಂಟು. ದೊಡ್ಡ ಖರೀದಿದಾರರು ಈ ಅಂಕಿಯನ್ನು ನೋಡಿಯೇ ಕೊಳ್ಳುವರು. ಮಾರುವವನು ಮಾತ್ರ ಅದನ್ನು ಅರಿಯದಿದ್ದರೆ ವ್ಯಾಪಾರವು ಒಂದು ಕಣ್ಣಿನದಾಗುತ್ತದೆ. ಆದಕಾರಣ ಆ ಪರೀಕ್ಷೆಯ ಸ್ವರೂಪವನ್ನು ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ತಿಳಿದಿರುವುದು ಅವಶ್ಯಕವು.

ಬಣ್ಣವೆಂದರೇನು?

ಮೆಣಸಿನಕಾಯಿಯ ಕೆಂಪು ಅದರ ಸಿಪ್ಪೆಯಲ್ಲಿರುವುದೇ ಹೊರತು ಬೀಜದಲ್ಲಾಗಲಿ ತೊಟ್ಟಿನಲ್ಲಾಗಲಿ ಇಲ್ಲ. ಸಿಪ್ಪೆಯಲ್ಲಿ ಕ್ಯಾಪ್ಸಾಂಥಿನ್, ಕ್ಯಾಪ್ಸೊರೂಬಿನ್ ಎಂಬ ಕೆಂಪು ದ್ರವ್ಯಗಳೂ, ಅವುಗಳ ಜೊತೆಗೆ ಹಳದಿಯ ಛಾಯೆಯುಳ್ಳ ಬೇರೆ ಕೆಲವು ದ್ರವ್ಯಗಳೂ ಇರುತ್ತವೆ. ಇವೆಲ್ಲವೂ ಗಜ್ಜರಿಗೆ ಬಣ್ಣವನ್ನು ಕೊಡುವ ದ್ರವ್ಯದ ಬಂಧುಗಳು. ಇವು ನೀರಿನಲ್ಲಿ ಕರಗುವುದಿಲ್ಲ. ಎಣ್ಣೆಯಲ್ಲಿಯೂ ಅಸಿಟೋನ್ ಮೊದಲಾದ ದ್ರವಗಳಲ್ಲಿಯೂ ಕರಗುತ್ತವೆ. ಒಗ್ಗರಣೆಯಲ್ಲಿ ಮೆಣಸಿನಪುಡಿಯನ್ನು ಹಾಕಿದೊಡನೆಯೇ ಎಣ್ಣೆಯು ಕೆಂಪಾಗುವುದನ್ನೂ, ಅದೇ ಪುಡಿಯನ್ನು ತಣ್ಣೀರಿಗೆ ಹಾಕಿದರೆ ನೀರು ಅಷ್ಟಾಗಿ ಕೆಂಪಾಗದಿರುವುದನ್ನೂ ಮನೆಯ ಹೆಂಗಸರು ದಿನವೂ ನೋಡುತ್ತಿರುವರು.

ಸೂರ್ಯನ ಬಿಳಿಯ ಬೆಳಕು ನಿಜವಾಗಿ ಅನೇಕ ಬಣ್ಣಗಳ ಬೆರಕೆಯೆಂಬುದು ಮಳೆಬಿಲ್ಲಿನಿಂದ ಗೊತ್ತಾಗುವುದು. ಬೆಳಕು ಅಲೆಗಳ ರೂಪದಲ್ಲಿ ಹರಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಅಲೆಯುದ್ದವಿದೆ. ಈ ಉದ್ದವನ್ನು ಅಳೆಯುವ ಮಾನಕ್ಕೆ ನ್ಯಾನೊಮೀಟರ್ ಎಂದು ಹೆಸರು. ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಒಂದು ಪಾಲೇ ಒಂದು ನ್ಯಾನೊಮೀಟರು. ಕಣ್ಣಿಗೆ ಕಾಣುವ ಬೆಳಕು ಸುಮಾರು ೪೦೦ರಿಂದ ೭೦೦ರವರೆಗೆ ಇರುವುದು. ೪೦೦ರ ಕಡೆಗೆ ನೇರಿಳೆ, ೭೦೦ರ ಕಡೆಗೆ ಕೆಂಪು. ನೇರಿಳೆಯಿಂದ ಆಚೆಗೆ, ಅಂದರೆ ೪೦೦ಕ್ಕಿಂತ ಕಡಮೆ ಅಲೆಯುದ್ದದ ಕಿರಣಗಳೂ ಉಂಟು. ೧೮೦೧ರಲ್ಲಿ ಜರ್ಮನಿಯ ರಿಟ್ಟರ್ ಎಂಬ ವಿದ್ವಾಂಸನು, ನೇರಿಳೆಯ ಆಚೆಯ ಕತ್ತಲೆಯಂತೆ ಕಾಣುವ ಜಾಗದಲ್ಲಿ ಬೆಳ್ಳಿಯ ಲವಣವನ್ನಿಟ್ಟಾಗ ಅದು ಕಪ್ಪಾಗುವುದನ್ನು ನೋಡಿ ಇವುಗಳನ್ನು ಕಂಡುಹಿಡಿದನು. ಇವಕ್ಕೆ ನೇರಿಳಾತೀತ ಕಿರಣಗಳೆಂದು ಹೆಸರು.

ಇನ್ನು ಕೆಂಪು ಪದಾರ್ಥವು ಕೆಂಪಾಗಿ ಕಾಣುವುದೇಕೆ? ಅದು ಕೆಂಪನ್ನು ಹುಟ್ಟಿಸುವುದರಿಂದಲ್ಲ. ನೀಲಿ, ಹಸುರು ಮುಂತಾದ ಉಳಿದ ಬೆಳಕನ್ನು ನುಂಗಿ, ಕೆಂಪನ್ನು ಮಾತ್ರ ಬಿಟ್ಟುಕೊಡುವುದರಿಂದ. ಕಣ್ಣು ನೋಡುವುದು ಉಳಿದುದನ್ನು. ಪರೀಕ್ಷಕನು ಅಳೆಯುವುದು ನುಂಗಿದುದನ್ನು. ಮೆಣಸಿನಕಾಯಿಯ ಬಣ್ಣವನ್ನು ಪರೀಕ್ಷಿಸುವಾಗ ಕೆಂಪು ಬೆಳಕನ್ನು ಉಪಯೋಗಿಸದೆ ೪೬೦ ನ್ಯಾನೊಮೀಟರಿನ ನೀಲಿಯ ಬೆಳಕನ್ನು ಉಪಯೋಗಿಸುವುದು ಈ ಕಾರಣದಿಂದಲೇ. ಇದನ್ನು ಮೊದಲು ಕೇಳಿದವರಿಗೆ ವಿಪರೀತವಾಗಿ ತೋರುವುದುಂಟು.

ನುಂಗಿದ ಬೆಳಕಿನ ಲೆಕ್ಕ

ಬಣ್ಣದ ದ್ರವವು ಹೆಚ್ಚಾದಂತೆ ಬೆಳಕು ಹೇಗೆ ಕಡಮೆಯಾಗುವುದೆಂಬ ನಿಯಮವನ್ನು ೧೭೨೯ರಲ್ಲಿ ಬೂಗೇರ್ ಎಂಬ ಫ್ರೆಂಚ್ ಪಂಡಿತನು ಹೊಳೆಯಿಸಿದನು. ೧೭೬೦ರಲ್ಲಿ ಲ್ಯಾಂಬರ್ಟನು ಅದನ್ನು ಗಣಿತದಲ್ಲಿ ಬರೆದನು. ೧೮೫೨ರಲ್ಲಿ ಬೀರ್ ಎಂಬವನು ದ್ರವದಲ್ಲಿ ಕರಗಿರುವ ಪದಾರ್ಥದ ಪ್ರಮಾಣಕ್ಕೂ ಅದು ಸಲ್ಲುವುದೆಂದು ತೋರಿಸಿದನು. ಕಣದಲ್ಲಿ ಒಂದು ರಾಶಿ ರಾಗಿ ಇದೆಯೆಂದೂ, ಸಾಲಾಗಿ ನಿಂತಿರುವ ಪಾಲುದಾರರೊಳಗೆ ಪ್ರತಿಯೊಬ್ಬನೂ ಇಷ್ಟು ಸೇರೆಂದು ತೆಗೆದುಕೊಳ್ಳದೆ, ತನ್ನ ಮುಂದೆ ಬಂದುದರಲ್ಲಿ ಅರ್ಧವನ್ನು ತೆಗೆದುಕೊಳ್ಳುವನೆಂದೂ ಭಾವಿಸತಕ್ಕದ್ದು. ಮೊದಲನೆಯವನು ಮುಗಿಸಿದಾಗ ಅರ್ಧ ರಾಶಿಯೂ, ಎರಡನೆಯವನು ಮುಗಿಸಿದಾಗ ಕಾಲು ರಾಶಿಯೂ, ಮೂರನೆಯವನು ಮುಗಿಸಿದಾಗ ಅರೆಕಾಲೂ ಉಳಿಯುವುವು. ಬಣ್ಣದ ಕಣಗಳೂ ಬೆಳಕಿನಲ್ಲಿ ಹೀಗೆಯೇ ಪಾಲು ತೆಗೆಯುತ್ತವೆ. ಆದ್ದರಿಂದ ಉಳಿದ ಬೆಳಕನ್ನು ನೋಡಿ ನೇರವಾಗಿ ಬಣ್ಣವಿಷ್ಟೆಂದು ಹೇಳಲಾಗುವುದಿಲ್ಲ. ಎಷ್ಟು ಮಂದಿ ಪಾಲುದಾರರು ತೆಗೆದುಕೊಂಡರೆಂಬುದನ್ನು ಎಣಿಸಬೇಕು.

ಈ ಎಣಿಕೆಗೆ ಹೀರಿಕೆಯ ಅಂಕವೆಂದು ಹೇಳಬಹುದು. ಬೆಳಕಿನಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಆಚೆಗೆ ಬಂದರೆ ಅಂಕವು ೧. ನೂರನೆಯ ಒಂದು ಪಾಲು ಬಂದರೆ ೨. ಅರ್ಧ ಬಂದರೆ ೦.೩೦, ಕಾಲು ಭಾಗ ಬಂದರೆ ೦.೬೦. ದ್ರವದಲ್ಲಿರುವ ಬಣ್ಣವು ಇಮ್ಮಡಿಯಾದರೆ ಈ ಅಂಕವೂ ಸರಿಯಾಗಿ ಇಮ್ಮಡಿಯಾಗುವುದು. ಪರೀಕ್ಷೆಯೆಲ್ಲವೂ ಈ ಒಂದು ಸಂಬಂಧದ ಮೇಲೆ ನಿಂತಿದೆ.

ಇದನ್ನು ಅಳೆಯುವ ಯಂತ್ರಕ್ಕೆ ಸ್ಪೆಕ್ಟ್ರೋಫೋಟೋಮೀಟರ್ ಎಂದು ಹೆಸರು. ಇದರೊಳಗೆ ಕಾಣುವ ಬೆಳಕಿಗಾಗಿ ಟಂಗ್‌ಸ್ಟನ್ ತಂತಿಯ ದೀಪವೂ, ನೇರಿಳಾತೀತಕ್ಕಾಗಿ ಡ್ಯೂಟೀರಿಯಂ ಅನಿಲದ ದೀಪವೂ ಇರುತ್ತವೆ. ಬಹು ಸೂಕ್ಷ್ಮವಾದ ಗೀರುಗಳುಳ್ಳ ಒಂದು ಫಲಕವು ಬೆಳಕನ್ನು ಮಳೆಬಿಲ್ಲಿನಂತೆ ಬಿಡಿಸುತ್ತದೆ. ಒಂದು ಕಿರಿದಾದ ಸೀಳಿನ ಮೂಲಕ ಬೇಕಾದ ಅಲೆಯುದ್ದದ ಬೆಳಕು ಮಾತ್ರ ಹೊರಬಿದ್ದು, ಒಂದು ಸೆಂಟಿಮೀಟರು ಅಗಲದ ಚೌಕಾಕಾರದ ಕುಪ್ಪಿಯಲ್ಲಿರುವ ದ್ರವವನ್ನು ಹಾದು, ಆಚೆಯಿರುವ ಗ್ರಾಹಕದ ಮೇಲೆ ಬೀಳುತ್ತದೆ. ಮೊದಲು ಬರಿಯ ಅಸಿಟೋನನ್ನು ಇಟ್ಟು ಅಂಕವನ್ನು ಸೊನ್ನೆಗೆ ತಂದು, ತರುವಾಯ ಕಾಯಿಯ ಕಷಾಯವನ್ನಿಟ್ಟು ಓದುವರು. ಈ ಬಗೆಯ ಯಂತ್ರವು ಸುಲಭವಾಗಿ ಬಳಕೆಗೆ ಬಂದುದು ಅಮೆರಿಕದಲ್ಲಿ ೧೯೪೧ರಲ್ಲಿ ಬೆಕ್‌ಮನ್ ಎಂಬವನ ಕಾರ್ಖಾನೆಯ ಉಪಕರಣವು ಹೊರಬಿದ್ದ ಮೇಲೆ. ಅದಕ್ಕೆ ಮುಂಚೆ ಎರಡು ಗಾಜಿನ ಕೊಳವೆಗಳನ್ನು ಪಕ್ಕಪಕ್ಕದಲ್ಲಿ ಹಿಡಿದು ಕಣ್ಣಿನಿಂದಲೇ ಹೋಲಿಸುತ್ತಿದ್ದರು. ಒಬ್ಬನ ಕಣ್ಣು ಇನ್ನೊಬ್ಬನ ಕಣ್ಣಿನಂತಿಲ್ಲ. ಬೆಳಗಿನ ಬಿಸಿಲಿನಲ್ಲಿ ಕಂಡ ಕೆಂಪು ಸಂಜೆಯ ದೀಪದಲ್ಲಿ ಬೇರೆಯಾಗಿ ಕಾಣುವುದೆಂಬುದನ್ನು ಸೀರೆ ಕೊಳ್ಳಲು ಹೋದವರು ಯಾರಾದರೂ ಹೇಳಬಲ್ಲರು.

ಪರೀಕ್ಷೆಯನ್ನು ಮಾಡುವ ರೀತಿ

ಅಮೆರಿಕದ ಸಾಂಬಾರ ಪದಾರ್ಥಗಳ ವ್ಯಾಪಾರಿಗಳ ಸಂಘವು ನಿಯಮಿಸಿರುವ ಕ್ರಮವೇ ಈಗ ವ್ಯಾಪಾರದಲ್ಲಿ ಎಲ್ಲೆಡೆಯೂ ನಡೆಯುತ್ತಿದೆ. ಆ ಸಂಘದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದಕ್ಕೆ ಆಸ್ಟಾ ಬಣ್ಣದ ಅಂಕವೆಂದು ಹೆಸರಾಗಿದೆ. ನುಣ್ಣಗೆ ಬೀಸಿದ ಪುಡಿಯಲ್ಲಿ ೭೦ರಿಂದ ೧೦೦ ಮಿಲಿಗ್ರಾಮಿನಷ್ಟನ್ನು ಸರಿಯಾಗಿ ತೂಗಿ, ನೂರು ಮಿಲಿಲೀಟರು ಹಿಡಿಯುವ ಗುರುತಿನ ಕುಪ್ಪಿಗೆ ಹಾಕಿ, ಗುರುತಿನವರೆಗೆ ಅಸಿಟೋನನ್ನು ತುಂಬಿ, ಬಿರಡೆಯನ್ನು ಬಿಗಿಯಾಗಿ ಹಾಕಿ ಕುಲುಕಿ, ಹದಿನಾರು ಘಂಟೆಗಳ ಕಾಲ ಕತ್ತಲೆಯಲ್ಲಿ ಇಡತಕ್ಕದ್ದು. ಬೆಳಕಿನಲ್ಲಿಟ್ಟರೆ ಬಣ್ಣವು ಕೆಡುವುದು. ಮರುದಿನ ಮತ್ತೆ ಕುಲುಕಿ, ಪುಡಿಯು ತಳಕ್ಕೆ ಇಳಿದ ಮೇಲೆ ತಿಳಿಯಾದ ಭಾಗವನ್ನು ತೆಗೆದು ೪೬೦ ನ್ಯಾನೊಮೀಟರಿನಲ್ಲಿ ಹೀರಿಕೆಯನ್ನು ಓದುವರು. ಓದಿದ ಅಂಕವನ್ನು ೧೬.೪ರಿಂದ ಗುಣಿಸಿ, ಪುಡಿಯ ತೂಕವನ್ನು ಗ್ರಾಮಿನಲ್ಲಿ ಬರೆದು ಅದರಿಂದ ಭಾಗಿಸಿದರೆ ಬಣ್ಣದ ಅಂಕವು ದೊರೆಯುವುದು. ಯಂತ್ರವು ಸರಿಯಾಗಿ ಓದುತ್ತಿರುವುದೇ ಎಂಬುದನ್ನು, ಹೀರಿಕೆಯು ಮೊದಲೇ ಗೊತ್ತಿರುವ ಬಣ್ಣದ ಗಾಜಿನ ಫಲಕದಿಂದ ನೋಡಿ, ತಪ್ಪಿದ್ದರೆ ಅದಕ್ಕೆ ತಕ್ಕ ತಿದ್ದುಪಡಿಯನ್ನು ಸೇರಿಸುವರು.

ಉದಾಹರಣೆಗೆ, ತೂಗಿದ ಪುಡಿಯು ೮೦ ಮಿಲಿಗ್ರಾಂ, ಅಂದರೆ ೦.೦೮೦ ಗ್ರಾಂ ಎಂದೂ, ಓದಿದ ಹೀರಿಕೆಯು ೦.೬೦೦ ಎಂದೂ ಇಟ್ಟುಕೊಳ್ಳೋಣ. ೦.೬೦೦ನ್ನು ೧೬.೪ರಿಂದ ಗುಣಿಸಿದರೆ ೯.೮೪, ಅದನ್ನು ೦.೦೮೦ರಿಂದ ಭಾಗಿಸಿದರೆ ೧೨೩. ಇಲ್ಲಿ ತೂಕದಲ್ಲಿ ಒಂದೇ ಒಂದು ಮಿಲಿಗ್ರಾಂ ಹೆಚ್ಚುಕಡಮೆಯಾಗಿ ೮೧ ಆಗಿದ್ದಲ್ಲಿ ಉತ್ತರವು ೧೨೧.೫ಕ್ಕೆ ಇಳಿಯುವುದು. ಒಂದು ಮಿಲಿಗ್ರಾಮೆಂದರೆ ಬಹಳ ಅಲ್ಪ. ಆದಕಾರಣ ಎರಡು ಪರೀಕ್ಷಾಲಯಗಳ ಅಂಕಗಳು ಒಂದೆರಡು ಅಂಶಗಳಷ್ಟು ಬೇರೆಯಾಗಿದ್ದರೆ ಅದನ್ನು ಮೋಸವೆಂದು ತಿಳಿಯಬಾರದು. ಇಪ್ಪತ್ತು ಮೂವತ್ತು ಅಂಶಗಳಷ್ಟು ಬೇರೆಯಾಗಿದ್ದರೆ ಕಾರಣವನ್ನು ಕೇಳಲೇಬೇಕು.

ಹೀರಿಕೆಯ ಅಂಕವು ೦.೩೦ರಿಂದ ೦.೭೦ರ ಒಳಗೆ ಇರಬೇಕೆಂದು ಈ ಕ್ರಮದಲ್ಲಿ ಕಟ್ಟಳೆಯಿದೆ. ಅದಕ್ಕಿಂತ ಹೆಚ್ಚಾದರೆ ಆಚೆಗೆ ಬರುವ ಬೆಳಕು ತೀರ ಕಡಮೆಯಾಗಿ, ಯಂತ್ರದೊಳಗೆ ದಾರಿತಪ್ಪಿ ಅಲೆಯುವ ಬೆಳಕೂ ಅದರೊಡನೆ ಸೇರಿ ಲೆಕ್ಕವು ಕೆಡುವುದು. ಆಗ ದ್ರವವನ್ನು ಅಸಿಟೋನಿನಿಂದ ತೆಳುಮಾಡಿ ಮತ್ತೆ ಓದತಕ್ಕದ್ದು. ಕಡಮೆಯಾದರೆ ಹೆಚ್ಚು ಪುಡಿಯನ್ನು ತೆಗೆದುಕೊಂಡು ಮೊದಲಿನಿಂದ ಮಾಡಬೇಕು.

ತೇವದ ವಿಚಾರ

ಬೆಳೆಗಾರನಿಗೆ ನಷ್ಟವೋ ಲಾಭವೋ ಆಗುವ ಮುಖ್ಯ ಸ್ಥಳವು ಇದೇ ಆಗಿದೆ. ಮೇಲಿನ ಲೆಕ್ಕದಲ್ಲಿ ಭಾಗಿಸುವುದು ಪುಡಿಯ ತೂಕದಿಂದ. ಆ ತೂಕದಲ್ಲಿ ನೀರೂ ಸೇರಿದೆ. ನೀರಿಗೆ ಬಣ್ಣವಿಲ್ಲ, ಆದರೆ ತೂಕವಿದೆ. ಒಂದು ರಾಶಿಯಲ್ಲಿ ನೂರಕ್ಕೆ ಹತ್ತು ಪಾಲು ತೇವವಿದ್ದು ಬಣ್ಣದ ಅಂಕವು ೧೫೦ ಬಂದಿದೆಯೆಂದು ಇಟ್ಟುಕೊಂಡರೆ, ಅದೇ ಕಾಯಿಯಲ್ಲಿ ತೇವವು ನೂರಕ್ಕೆ ಇಪ್ಪತ್ತು ಪಾಲಾದಾಗ ಅಂಕವು ಸುಮಾರು ೧೩೩ಕ್ಕೆ ಇಳಿಯುವುದು. ಕಾಯಿಯ ಬಣ್ಣದಲ್ಲಿ ಕಿಂಚಿತ್ತೂ ಕಡಮೆಯಾಗಿಲ್ಲ. ಅದರೊಡನೆ ನೀರು ಸೇರಿತಷ್ಟೆ. ಕಾಯಿಯು ಮುರಿಯದಿರಲೆಂದೋ ತೂಕವು ಹೆಚ್ಚಲೆಂದೋ ನೀರನ್ನು ಚಿಮುಕಿಸಿ ಚೀಲ ತುಂಬುವ ಅಭ್ಯಾಸವು ಕೆಲವರಲ್ಲಿ ಇದೆ. ತೂಕದಲ್ಲಿ ಗಳಿಸಿದುದನ್ನು ಅವರು ಬಣ್ಣದ ಅಂಕದಲ್ಲಿ ಕಳೆದುಕೊಳ್ಳುವರು. ಅಷ್ಟೇ ಅಲ್ಲದೆ ತೇವದ ಕಾಯಿಗೆ ಬೂಷ್ಟು ಹಿಡಿದು, ಅಫ್ಲಟಾಕ್ಸಿನ್ ಎಂಬ ವಿಷವು ಹುಟ್ಟಿದರೆ ಆ ಸರಕನ್ನು ಹೊರದೇಶದವರು ಮುಟ್ಟುವುದಿಲ್ಲ.

ಅಂಕವನ್ನು ಕೊಟ್ಟಾಗ ಅದು ಇದ್ದ ಹಾಗೆಯೇ ತೂಗಿದುದೋ, ತೇವವನ್ನು ಕಳೆದು ಒಣ ತೂಕಕ್ಕೆ ಲೆಕ್ಕಮಾಡಿದುದೋ ಎಂಬುದನ್ನು ಮಾರುವವನು ಅವಶ್ಯವಾಗಿ ಕೇಳತಕ್ಕದ್ದು. ಮೇಲೆ ಹೇಳಿದ ಎರಡು ರಾಶಿಗಳನ್ನೂ ಒಣ ತೂಕಕ್ಕೆ ತಂದರೆ ಎರಡರ ಅಂಕವೂ ಸುಮಾರು ೧೬೭ ಆಗಿ ಸರಿಸಮನಾಗುವುದು. ಒಬ್ಬನ ಕಾಯಿಯನ್ನು ಒಣ ತೂಕದಲ್ಲಿಯೂ ಮತ್ತೊಬ್ಬನದನ್ನು ಹಸಿ ತೂಕದಲ್ಲಿಯೂ ಹೇಳಿ ಹೋಲಿಸುವುದು ಒಬ್ಬನಿಗೆ ಸೇರಿನಿಂದಲೂ ಇನ್ನೊಬ್ಬನಿಗೆ ಪಡಿಯಿಂದಲೂ ಅಳೆದಂತೆ ಆಗುವುದು.

ಬೀಜದ ವಿಚಾರವೂ ಹೀಗೆಯೇ. ಸಾಗಿಸುವಾಗ ಕಾಯಿ ಒಡೆದು ಬೀಜವು ಚೀಲದ ತಳಕ್ಕೆ ಇಳಿಯುವುದು. ಮೇಲಿನ ಸಿಪ್ಪೆಯನ್ನು ಮಾತ್ರ ಹಿಡಿದು ಪರೀಕ್ಷಿಸಿದರೆ ಅಂಕವು ಏರುವುದು. ತಳದಿಂದ ತೆಗೆದರೆ ಇಳಿಯುವುದು. ಕಡೆಗೆ ಕುಪ್ಪಿಗೆ ಬೀಳುವುದು ಒಂದು ಚಿಟಿಕೆಯೂ ಅಲ್ಲದ ಪುಡಿ. ಅದು ನೂರಾರು ಚೀಲಗಳ ಪರವಾಗಿ ಸಾಕ್ಷಿ ಹೇಳಬೇಕು. ಯಂತ್ರವು ಎಷ್ಟೇ ಬೆಲೆಯುಳ್ಳದ್ದಾದರೂ ಮಾದರಿಯು ಸರಿಯಿಲ್ಲದಿದ್ದರೆ ಅದರ ಸೂಕ್ಷ್ಮತೆಯು ವ್ಯರ್ಥವೇ. ಆದ್ದರಿಂದ ಅನೇಕ ಚೀಲಗಳ ಮೇಲಿನಿಂದಲೂ ನಡುವಿನಿಂದಲೂ ತಳದಿಂದಲೂ ಕಾಯಿಗಳನ್ನು ತೆಗೆದು, ಚೊಕ್ಕಟವಾದ ಬಟ್ಟೆಯ ಮೇಲೆ ಹರಡಿ, ಉದುರಿದ ಬೀಜದೊಡನೆ ಚೆನ್ನಾಗಿ ಕಲಸಿ, ನಾಲ್ಕು ಭಾಗಮಾಡಿ, ಎದುರುಬದುರಾದ ಎರಡು ಭಾಗಗಳನ್ನು ಇಟ್ಟುಕೊಂಡು ಉಳಿದೆರಡನ್ನು ಬಿಡಬೇಕು. ಬೇಕಾದಷ್ಟು ಚಿಕ್ಕದಾಗುವವರೆಗೆ ಹೀಗೆಯೇ ಮಾಡತಕ್ಕದ್ದು.

ಕಾಣದ ಖಾರ

ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ದ್ರವ್ಯಕ್ಕೆ ಬಣ್ಣವೇ ಇಲ್ಲ. ಕಾಣುವ ಬೆಳಕೆಲ್ಲವೂ ಅದರ ಮೂಲಕ ಹಾದುಹೋಗುವುದು. ಹಾಗಾದರೆ ಅದನ್ನು ಬೆಳಕಿನಿಂದ ಅಳೆಯುವುದು ಹೇಗೆ? ಇಲ್ಲಿ ನೇರಿಳಾತೀತ ಕಿರಣಗಳು ಪ್ರಯೋಜನಕ್ಕೆ ಬರುವುವು. ೨೮೦ ನ್ಯಾನೊಮೀಟರಿನ ಸಮೀಪದಲ್ಲಿ ಕ್ಯಾಪ್ಸೈಸಿನ್ ಬೆಳಕನ್ನು ನುಂಗುತ್ತದೆ. ಆದರೆ ಈ ಕೆಲಸಕ್ಕೆ ಸಾಮಾನ್ಯ ಗಾಜಿನ ಕುಪ್ಪಿಯು ನಡೆಯದು. ಗಾಜು ತಾನೇ ಆ ಕಿರಣಗಳನ್ನು ತಡೆಯುವುದರಿಂದ ಸ್ಫಟಿಕಶಿಲೆಯ ಜಾತಿಯ ಕ್ವಾರ್ಟ್ಸ್ ಕುಪ್ಪಿಯು ಬೇಕು. ಅಸಿಟೋನ್ ಸಹ ಅಲ್ಲಿ ಬೆಳಕನ್ನು ನುಂಗುವುದಾದ್ದರಿಂದ ಅದರ ಬದಲು ಆಲ್ಕೊಹಾಲ್ ಮುಂತಾದವುಗಳನ್ನು ಉಪಯೋಗಿಸುವರು. ಇದಲ್ಲದೆ ಕಾಯಿಯಲ್ಲಿರುವ ಇತರ ಅನೇಕ ಪದಾರ್ಥಗಳೂ ೨೮೦ರ ಹತ್ತಿರ ನುಂಗುವುವು. ಆದಕಾರಣ ಮೊದಲು ಕಷಾಯವನ್ನು ಒಂದು ಸಣ್ಣ ಸ್ತಂಭದ ಮೂಲಕ ಒತ್ತಡದಿಂದ ಹರಿಯಿಸಿ, ಒಂದೊಂದು ಪದಾರ್ಥವೂ ಬೇರೆಬೇರೆ ಹೊತ್ತಿಗೆ ಹೊರಬರುವಂತೆ ಮಾಡಿ, ಕ್ಯಾಪ್ಸೈಸಿನ್ ಹೊರಬಂದಾಗ ಅದರ ಹೀರಿಕೆಯನ್ನು ಓದುವರು. ೧೯೧೨ರಲ್ಲಿ ಅಮೆರಿಕದ ಸ್ಕೋವಿಲ್ ಎಂಬವನು ಈ ಖಾರವನ್ನು ನಾಲಿಗೆಯಿಂದ ಅಳೆಯುವ ಕ್ರಮವನ್ನು ಏರ್ಪಡಿಸಿದ್ದನು. ಸಕ್ಕರೆ ನೀರಿನಲ್ಲಿ ಎಷ್ಟು ಪಾಲು ತೆಳುಮಾಡಿದರೆ ಖಾರವು ತಿಳಿಯದೆ ಹೋಗುವುದೋ ಅದೇ ಅಂಕ. ಈಗಲೂ ಖಾರವನ್ನು ಅವನ ಹೆಸರಿನ ಅಂಕದಲ್ಲಿಯೇ ಹೇಳುವರು, ಆದರೆ ನಾಲಿಗೆಯ ಕೆಲಸವನ್ನು ಯಂತ್ರವು ಮಾಡುತ್ತದೆ.

ಬ್ಯಾಡಗಿಯ ಕಾಯಿಯಲ್ಲಿ ಬಣ್ಣವು ಹೆಚ್ಚು, ಖಾರವು ಕಡಮೆ. ಬಣ್ಣದ ತೈಲವನ್ನು ತೆಗೆಯುವ ಕಾರ್ಖಾನೆಗಳಿಗೆ ಬೇಕಾದುದು ಈ ಕೂಡಿಕೆಯೇ. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಸಾಂಬಾರ ಪದಾರ್ಥಗಳ ಸಾರವನ್ನು ತೆಗೆಯುವ ವಿಷಯದಲ್ಲಿ ಬಹಳ ಕೆಲಸವನ್ನು ಮಾಡಿದೆ. ಈ ಕೆಂಪು ತೈಲವು ತಿಂಡಿತಿನಿಸುಗಳಿಗೂ, ಮಾಂಸದ ಪದಾರ್ಥಗಳಿಗೂ, ತುಟಿಗೆ ಹಚ್ಚುವ ಬಣ್ಣಕ್ಕೂ ಹೋಗುವುದು.

ಅಂಕವು ಮೋಸಹೋಗುವ ಬಗೆ

ಈ ಪರೀಕ್ಷೆಯ ದೌರ್ಬಲ್ಯವನ್ನೂ ಹೇಳದೆ ಬಿಡುವಂತಿಲ್ಲ. ೪೬೦ರಲ್ಲಿ ಬೆಳಕನ್ನು ನುಂಗಿದುದು ಯಾವುದೆಂದು ಯಂತ್ರವು ಕೇಳುವುದಿಲ್ಲ. ಸೂಡಾನ್ ಎಂಬ ಕೃತಕ ಬಣ್ಣವು ಮೇಣಕ್ಕೂ ಬೂಟಿನ ಪಾಲಿಷಿಗೂ ಉಪಯೋಗಿಸತಕ್ಕದ್ದು. ಅದು ೪೮೦ರ ಸಮೀಪದಲ್ಲಿ ನುಂಗುವುದಾದ್ದರಿಂದ, ಹಳೆಯ ಬಿಳಿಚಿದ ಪುಡಿಗೆ ಅದನ್ನು ಬೆರಸಿದರೆ ಆಸ್ಟಾ ಅಂಕವೂ ಏರುತ್ತದೆ. ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಸಂಶಯದಿಂದ ಆಹಾರದಲ್ಲಿ ಇದರ ಉಪಯೋಗವು ನಿಷಿದ್ಧವಾಗಿದೆ. ೨೦೦೩ರಲ್ಲಿ ಫ್ರಾನ್ಸ್ ದೇಶದಲ್ಲಿ ಭಾರತದಿಂದ ಹೋದ ಮೆಣಸಿನಪುಡಿಯ ಸರಕಿನಲ್ಲಿ ಇದು ಕಂಡುಬಂದು, ಯೂರೋಪಿನವರು ಪರೀಕ್ಷೆಯಿಲ್ಲದೆ ಮೆಣಸಿನಪುಡಿಯನ್ನು ಒಳಗೆ ಬಿಡದಂತೆ ಆಜ್ಞೆ ಮಾಡಿದರು. ೨೦೦೫ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಬಣ್ಣದ ಪುಡಿಯು ಸೇರಿದ್ದ ನೂರಾರು ಬಗೆಯ ಆಹಾರಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆಯಬೇಕಾಯಿತು. ಬೆರಸಿದವರು ಕೆಲವರು, ಹೆಸರು ಕೆಟ್ಟುದು ಎಲ್ಲ ಬೆಳೆಗಾರರದು.

ಒಂದೇ ಅಲೆಯುದ್ದದಲ್ಲಿ ಓದದೆ, ಎಲ್ಲ ಅಲೆಯುದ್ದಗಳಲ್ಲಿಯೂ ಸಾಲಾಗಿ ಓದಿ ಗೆರೆಯೆಳೆದರೆ ಪ್ರತಿಯೊಂದು ಬಣ್ಣಕ್ಕೂ ತನ್ನದೇ ಆದ ಗುಡ್ಡದ ಆಕಾರವು ಬರುವುದು. ಹೆಚ್ಚು ಬೆರಕೆಯಿದ್ದರೆ ಆ ಆಕಾರದಿಂದಲೇ ಸಂಶಯವುಂಟಾಗುವುದು. ಸ್ವಲ್ಪ ಬೆರಕೆಯಾದರೋ ಕಾಯಿಯ ಸ್ವಂತ ಬಣ್ಣದ ಗುಡ್ಡದ ಕೆಳಗೆ ಅಡಗಿಹೋಗುವುದರಿಂದ, ಮೇಲೆ ಹೇಳಿದ ಸ್ತಂಭದ ಕ್ರಮದಿಂದ ಬೇರ್ಪಡಿಸಿಯೇ ನೋಡಬೇಕು. ಕೊಚ್ಚಿಯಲ್ಲಿರುವ ಸ್ಪೈಸಸ್ ಬೋರ್ಡಿನ ಪರೀಕ್ಷಾಲಯ ಮುಂತಾದ ಕಡೆಗಳಲ್ಲಿ ಇಂಥ ಪರೀಕ್ಷೆಗಳಿಗೆ ಏರ್ಪಾಡಿದೆ. ಪುಡಿಗಿಂತ ಇಡೀ ಕಾಯಿಯನ್ನು ಮಾರುವವನಿಗೆ ಈ ಅಪವಾದದ ಭಯವು ಕಡಮೆ.

ಬಣ್ಣವನ್ನು ಉಳಿಸಿಕೊಳ್ಳುವುದು

ಯಂತ್ರವು ಇರುವ ಬಣ್ಣವನ್ನು ಅಳೆಯುವುದೇ ಹೊರತು ಇಲ್ಲದುದನ್ನು ಕೊಡಲಾರದು. ಕಾಯಿಯು ಗಿಡದಲ್ಲಿಯೇ ಪೂರ್ತಿ ಹಣ್ಣಾಗಿ ಸ್ವಲ್ಪ ಬಾಡುವವರೆಗೆ ಬಣ್ಣವು ಹೆಚ್ಚುತ್ತ ಹೋಗುವುದು; ಬೆಲೆಯ ಅವಸರದಿಂದ ಅರೆಹಣ್ಣನ್ನು ಕಿತ್ತವರಿಗೆ ಈ ಹೆಚ್ಚಳವು ತಪ್ಪುವುದು. ಒಣಗಿಸುವಾಗ ಬರಿಯ ನೆಲವನ್ನು ಬಿಟ್ಟು ಚೊಕ್ಕಟವಾದ ಕಣದಲ್ಲಾಗಲಿ ತಾಡಪತ್ರಿಯ ಮೇಲಾಗಲಿ ತೆಳುವಾಗಿ ಹರಡಿ, ಆಗಾಗ್ಗೆ ತಿರುವಿ, ರಾತ್ರಿ ಇಬ್ಬನಿ ಬೀಳದಂತೆ ರಾಶಿಮಾಡಿ ಮುಚ್ಚತಕ್ಕದ್ದು. ತೇವವು ನೂರಕ್ಕೆ ಹತ್ತು ಹನ್ನೊಂದರಷ್ಟಕ್ಕೆ ಇಳಿದ ಮೇಲೆಯೇ ಚೀಲ ತುಂಬಬೇಕು. ಈ ಬಣ್ಣಕ್ಕೆ ಶತ್ರುಗಳು ಬೆಳಕು, ಶಾಖ ಮತ್ತು ಗಾಳಿಯಲ್ಲಿರುವ ಆಮ್ಲಜನಕ. ಪುಡಿಯಾದೊಡನೆ ಗಾಳಿಯು ತಗಲುವ ಮೈ ಹೆಚ್ಚುವುದರಿಂದ ಪುಡಿಯ ಬಣ್ಣವು ಕಾಯಿಯ ಬಣ್ಣಕ್ಕಿಂತ ಬೇಗ ಹೋಗುವುದು. ಬೆಲೆಗಾಗಿ ಕಾಯುವವರು ಬ್ಯಾಡಗಿಯ ಸುತ್ತಮುತ್ತಲಿನ ಶೈತ್ಯಾಗಾರಗಳಲ್ಲಿ ಇಡುವುದು ಈ ಕಾರಣದಿಂದ ಯುಕ್ತವೇ. ಆದರೆ ಬಾಡಿಗೆಯನ್ನು ಕೊಟ್ಟು ಇಡುವುದಕ್ಕೆ ಮುಂಚೆ ಒಮ್ಮೆ, ತೆಗೆಯುವಾಗ ಒಮ್ಮೆ ಅಂಕವನ್ನು ಬರೆಯಿಸಿಟ್ಟುಕೊಂಡರೆ, ಕಾದುದರಿಂದ ಬಣ್ಣದಲ್ಲಿ ಆದ ನಷ್ಟವು ಬೆಲೆಯಲ್ಲಿ ಆದ ಲಾಭವನ್ನು ನುಂಗಿತೇ ಎಂಬುದನ್ನು ಮುಂದಿನ ವರ್ಷಕ್ಕೆ ಮೊದಲೇ ತಿಳಿಯಬಹುದು.

ಒಬ್ಬೊಬ್ಬ ಸಣ್ಣ ಹಿಡುವಳಿದಾರನು ಪರೀಕ್ಷೆಯ ಖರ್ಚನ್ನು ಹೊರುವುದು ಕಷ್ಟವಾಗುವುದು. ಒಂದೇ ತಳಿಯನ್ನು ಒಂದೇ ಕಾಲದಲ್ಲಿ ಕೊಯ್ದು ಒಂದೇ ರೀತಿಯಲ್ಲಿ ಒಣಗಿಸಿದ ಹತ್ತಾರು ಮನೆಯವರು ಸೇರಿ ಒಂದು ಲಾಟನ್ನು ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಇಂಥ ಕೂಟವನ್ನು ಕಟ್ಟಲು ಗ್ರಾಮದ ಮುಖ್ಯಸ್ಥರೇ ತಕ್ಕವರು. ಆದರೆ ಒಬ್ಬನ ಕೆಟ್ಟ ಕಾಯಿಯು ಎಲ್ಲರ ಅಂಕವನ್ನೂ ಎಳೆದು ಹಾಕುವುದರಿಂದ, ಲಾಟಿಗೆ ಸೇರಿಸಿಕೊಳ್ಳುವ ಮುಂಚೆ ಪ್ರತಿಯೊಬ್ಬನ ಕಾಯಿಯನ್ನೂ ಬಿಳಿಗಾಯಿ, ಚುಕ್ಕೆಗಾಯಿಗಳಿಲ್ಲದಂತೆ ಆರಿಸುವ ನಿಯಮವು ಇರಬೇಕು. ದಾಕ್ಷಿಣ್ಯಕ್ಕೆ ಅಲ್ಲಿ ಎಡೆಯಿರಕೂಡದು.

ಮಾದರಿಯನ್ನು ನಾಲ್ಕು ಭಾಗಮಾಡಿ ತೆಗೆದ ಮೇಲೆ ಅದನ್ನು ಮೂರು ಪೊಟ್ಟಣಗಳಾಗಿ ಕಟ್ಟಿ, ಮಾರುವವನೂ ಕೊಳ್ಳುವವನೂ ಮೂರರ ಮೇಲೆಯೂ ರುಜುಮಾಡಿ, ಒಂದನ್ನು ಪರೀಕ್ಷಾಲಯಕ್ಕೆ ಕಳುಹಿಸಿ, ಒಂದನ್ನು ಕೊಳ್ಳುವವನಿಗೆ ಕೊಟ್ಟು, ಒಂದನ್ನು ಊರಿನಲ್ಲಿ ಇಟ್ಟುಕೊಳ್ಳುವುದು ಉತ್ತಮ. ಪೊಟ್ಟಣದ ಮೇಲೆ ಕೊಯ್ಲಿನ ತಿಂಗಳು, ತಳಿ, ಚೀಲಗಳ ಸಂಖ್ಯೆ, ಮಾದರಿ ತೆಗೆದ ತಾರೀಖು ಇವುಗಳನ್ನು ಬರೆದಿರಬೇಕು. ಊರಿನಲ್ಲಿ ಉಳಿದ ಪೊಟ್ಟಣವನ್ನು ಪಾರದರ್ಶಕವಾದ ಚೀಲದಲ್ಲಿ ಕಟ್ಟಿ ಕಿಟಕಿಯ ಬಳಿ ಇಟ್ಟರೆ ತಿಂಗಳೆರಡು ತಿಂಗಳಿನಲ್ಲಿ ಅದರ ಬಣ್ಣವು ಕೆಟ್ಟು, ವ್ಯಾಜ್ಯ ಬಂದಾಗ ಇಟ್ಟುಕೊಂಡವನಿಗೇ ವಿರೋಧವಾದ ಸಾಕ್ಷಿಯಾಗುವುದು. ಗಾಳಿಯಾಡದ ಡಬ್ಬಿಯಲ್ಲಿ, ಕತ್ತಲೆಯಾದ ತಂಪು ಜಾಗದಲ್ಲಿ, ಹಣವು ಕೈಸೇರಿ ಲೆಕ್ಕವು ಮುಗಿಯುವವರೆಗೆ ಅದನ್ನು ಇಡತಕ್ಕದ್ದು.